ಶಾಲೆಯವರ ಮೇಲಿನ ದಾವೆ ವಜಾ ಆಗಿದೆ, ಮುಂದೇನು?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗ ಇಲ್ಲಿನ ಪಬ್ಲಿಕ್ ಸ್ಕೂಲಿನಲ್ಲಿ ಏಳನೇ ತರಗತಿ. ಕಳೆದ ವರ್ಷದಿಂದ ಮೂವರು ಹುಡುಗರು ಅವನ ಮೈಬಣ್ಣ, ಡಬ್ಬಿಯಲ್ಲಿ ಒಯ್ಯುವ ಊಟ, ಹೆಸರು ಎಲ್ಲ ಹಿಡಿದು ಹೀನಾಯವಾಗಿ ಆಡಿಕೊಳ್ಳುತ್ತಿದ್ದರು. ವೈಸ್ ಪ್ರಿನ್ಸಿಪಾಲರಿಗೂ ಪ್ರಿನ್ಸಿಪಾಲರಿಗೂ ಹಲವು ಸಲ ಇಮೇಲ್ ಬರೆದೆವು. ಏನೂ ಆಗಲಿಲ್ಲ. ಒಂದು ದಿನ ಇವನು ತಿರುಗಿಬಿದ್ದು ಒಬ್ಬನನ್ನು ತಳ್ಳಿದ. ಇವನ ಮಾತು ಕೇಳದೆಯೇ ನಾಲ್ಕು ದಿನ ಸಸ್ಪೆಂಡ್ ಮಾಡಿದರು. ಪ್ರಿನ್ಸಿಪಾಲ್, ಸೂಪರಿಂಟೆಂಡೆಂಟ್ ಮತ್ತು ಬೋರ್ಡ್ ಆಫ್ ಎಜುಕೇಶನ್ ಮೇಲೆ ವಕೀಲರ ಮೂಲಕ ಫೆಡರಲ್ ಕೋರ್ಟಿನಲ್ಲಿ ನಾಗರಿಕ ಹಕ್ಕಿನ ದಾವೆ ಹಾಕಿದೆವು. ಸಾಕ್ಷ್ಯ ಕೇಳುವ ಹಂತಕ್ಕೂ ಹೋಗದೆ ನ್ಯಾಯಾಧೀಶರು ‘ವಿತ್ ಪ್ರೆಜುಡಿಸ್’ (ಅದೇ ದಾವೆಯನ್ನು ಮತ್ತೆ ಹಾಕುವಂತಿಲ್ಲ) ಎಂದು ವಜಾ ಮಾಡಿದ್ದಾರೆ. ರಾಜ್ಯ ಕಾನೂನಿನ ಭಾಗವನ್ನು ತಾವು ನೋಡುವುದಿಲ್ಲ ಎಂದಿದ್ದಾರೆ. ಆದೇಶ ಬಂದು ಹನ್ನೆರಡು ದಿನವಾಯಿತು. ವಕೀಲರು ತಾವು ಅಪೀಲ್ ಕೆಲಸ ಮಾಡುವುದಿಲ್ಲ ಎನ್ನುತ್ತಾರೆ. ನಾವೇ ಮೇಲ್ಮನವಿ ಹಾಕಬಹುದೇ? ಆ ಹುಡುಗರ ಚಾಟ್‌ನ ಸ್ಕ್ರೀನ್‌ಶಾಟ್‌ಗಳು ಈಗ ಸಿಕ್ಕಿವೆ, ಅವನ್ನು ತೋರಿಸಬಹುದೇ? ಸೋತರೆ ಶಾಲೆಯ ವಕೀಲರ ಫೀಸೂ ನಮ್ಮ ತಲೆಗೇ ಬರುತ್ತದೆಯೇ?

ಉತ್ತರ: ಮೊದಲು ಕ್ಯಾಲೆಂಡರ್ ತೆಗೆಯಿರಿ, ಉಳಿದದ್ದು ಆಮೇಲೆ. ಫೆಡರಲ್ ಜಿಲ್ಲಾ ನ್ಯಾಯಾಲಯದ ಸಿವಿಲ್ ತೀರ್ಪಿನ ಮೇಲೆ ಮೇಲ್ಮನವಿಯ ನೋಟಿಸ್ ಹಾಕಲು ತೀರ್ಪು ದಾಖಲಾದ ದಿನದಿಂದ 30 ದಿನ. ಅಮೆರಿಕ ಸರ್ಕಾರವೇ ಕಕ್ಷಿದಾರನಾಗಿದ್ದರೆ 60 ದಿನ ಸಿಗುತ್ತದೆ. ಬೋರ್ಡ್ ಆಫ್ ಎಜುಕೇಶನ್ ಸರ್ಕಾರಿ ಸಂಸ್ಥೆಯೇ ಆದರೂ ಅದು ‘ಅಮೆರಿಕ ಸರ್ಕಾರ’ ಅಲ್ಲ, ಹಾಗಾಗಿ ನಿಮಗೆ 30 ದಿನವೇ. ಶನಿವಾರ, ಭಾನುವಾರ ಎಲ್ಲ ಲೆಕ್ಕಕ್ಕೆ ಬರುತ್ತವೆ. ಕೊನೆಯ ದಿನ ರಜೆಯಾಗಿದ್ದರೆ ಮಾತ್ರ ಮರುದಿನಕ್ಕೆ ಹೋಗುತ್ತದೆ. ಆದೇಶದ ಪ್ರತಿ ನಿಮ್ಮ ಕೈಸೇರಿದ ದಿನದಿಂದ ಎಣಿಸಬೇಡಿ. ಕೋರ್ಟಿನ ಡಾಕೆಟ್‌ನಲ್ಲಿ, ಅಂದರೆ ಪ್ರಕರಣದ ದಾಖಲೆ ಪಟ್ಟಿಯಲ್ಲಿ, ಅದು ನಮೂದಾದ ದಿನವೇ ಲೆಕ್ಕ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕರ್ನಾಟಕದ ಕೋರ್ಟುಗಳನ್ನು ಕಂಡವರಿಗೆ ತಡವಾದರೆ ‘ವಿಳಂಬ ಮನ್ನಿಸಿ’ ಎಂಬ ಅರ್ಜಿ ಜೊತೆಗಿಟ್ಟರಾಯಿತು ಎಂಬ ಧೈರ್ಯ ಇರುತ್ತದೆ. ಹೈಕೋರ್ಟಿನಲ್ಲಿ ಏಕಸದಸ್ಯ ಪೀಠ ರಿಟ್ ವಜಾ ಮಾಡಿದರೆ ವಿಭಾಗೀಯ ಪೀಠಕ್ಕೆ ಹೋಗಲು ಅಲ್ಲೂ 30 ದಿನವೇ. ಆದರೆ ಕಾರಣ ಒಪ್ಪುವಂತಿದ್ದರೆ ತಿಂಗಳುಗಟ್ಟಲೆ ತಡವನ್ನೂ ಮನ್ನಿಸಿದ್ದುಂಟು. ಅಮೆರಿಕದಲ್ಲಿ ಆ ಔದಾರ್ಯ ಹುಡುಕಬೇಡಿ. ಬೌಲ್ಸ್ ವಿರುದ್ಧ ರಸೆಲ್ ಎಂಬ 2007ರ ಪ್ರಕರಣದಲ್ಲಿ ಗಡುವು ತಪ್ಪಿದ ಒಹಾಯೋದ ಕೈದಿಯೊಬ್ಬನಿಗೆ ಮೇಲ್ಮನವಿಯ ಅವಕಾಶವನ್ನು ಮತ್ತೆ ತೆರೆಯುವಾಗ ಜಿಲ್ಲಾ ನ್ಯಾಯಾಧೀಶರೇ ನಿಯಮದಲ್ಲಿದ್ದ 14 ದಿನದ ಬದಲು ತಪ್ಪಾಗಿ 17 ದಿನ ಕೊಟ್ಟರು. ಅವನು ಆ 17 ದಿನದೊಳಗೇ ನೋಟಿಸ್ ಹಾಕಿದ, ಆದರೆ 14 ದಾಟಿತ್ತು. ಸುಪ್ರೀಂ ಕೋರ್ಟ್ 5–4ರಲ್ಲಿ ಅವನ ಮೇಲ್ಮನವಿ ನಿಲ್ಲುವುದಿಲ್ಲ ಎಂದಿತು. ನ್ಯಾಯಾಧೀಶರ ಮಾತು ನಂಬಿದ್ದೂ ಅವನ ನೆರವಿಗೆ ಬರಲಿಲ್ಲ. 30 ದಿನ ಮುಗಿದ ಮೇಲೆ ಇನ್ನೊಂದು 30 ದಿನದೊಳಗೆ ಕಾಲಾವಕಾಶ ಕೇಳುವ ಒಂದು ಕಿಂಡಿ ಇದೆ, ಅದಕ್ಕೆ ಒಪ್ಪತಕ್ಕ ಕಾರಣ ಬೇಕು. ಆ ಕಿಂಡಿ ನಂಬಿ ಕೂರಬೇಡಿ.

ನೋಟಿಸ್ ದೊಡ್ಡ ಕಾಗದವೇನಲ್ಲ. ಯಾರು, ಯಾವ ತೀರ್ಪಿನ ಮೇಲೆ, ಯಾವ ನ್ಯಾಯಾಲಯಕ್ಕೆ ಹೋಗುತ್ತಿದ್ದಾರೆ ಎಂಬ ಮೂರು ಸಂಗತಿ ಇದ್ದರೆ ಸಾಕು, ಒಂದೇ ಪುಟ. ವಾದ ಅದರಲ್ಲಿ ಬೇಡ. ಹಾಕಬೇಕಾದದ್ದು ಅದೇ ಜಿಲ್ಲಾ ನ್ಯಾಯಾಲಯದ ಕಚೇರಿಯಲ್ಲಿ, ಶುಲ್ಕ 605 ಡಾಲರ್. ಕಟ್ಟಲಾಗದವರು ವಿನಾಯಿತಿ ಕೇಳಬಹುದು. ನಿಮ್ಮ ವಕೀಲರು ಮೇಲ್ಮನವಿ ನಡೆಸದಿದ್ದರೂ ಈ ಒಂದು ಪುಟ ಹಾಕಿಕೊಡಲು ಕೇಳಿ. ಬಹಳಷ್ಟು ಮಂದಿ ಒಪ್ಪುತ್ತಾರೆ.

ಅವರು ಒಪ್ಪದಿದ್ದರೆ ನೀವೇ ಹಾಕಬಹುದೇ? ನೋಟಿಸ್ ಮಟ್ಟಿಗೆ ಹೌದು. ವಕೀಲರಿಲ್ಲದೆ ತಾಯಿಯೋ ತಂದೆಯೋ ಸಹಿ ಮಾಡಿದ ನೋಟಿಸ್, ಅವರ ಸಂಗಾತಿ ಮತ್ತು ದಾವೆಯಲ್ಲಿ ಕಕ್ಷಿದಾರರಾಗಿರುವ ಅಪ್ರಾಪ್ತ ಮಕ್ಕಳ ಪರವಾಗಿಯೂ ಹಾಕಿದಂತೆ ಎಂದು ಮೇಲ್ಮನವಿ ನಿಯಮಾವಳಿಯ 3ನೇ ನಿಯಮವೇ ಹೇಳುತ್ತದೆ. ಗಡುವು ಉಳಿಸಿಕೊಳ್ಳಲು ಇಷ್ಟು ಸಾಕು. ಆದರೆ ಮುಂದಿನ ವಾದ ಬೇರೆ ಮಾತು. ನ್ಯೂಜೆರ್ಸಿ ಬರುವುದು ಫಿಲಡೆಲ್ಫಿಯಾದಲ್ಲಿರುವ ಥರ್ಡ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯದ ವ್ಯಾಪ್ತಿಗೆ. ವಕೀಲರಲ್ಲದ ತಂದೆತಾಯಿ ಮಕ್ಕಳ ಪರ ವಾದಿಸುವಂತಿಲ್ಲ ಎಂದು ಆ ನ್ಯಾಯಾಲಯ 1991ರಲ್ಲೇ ಹೇಳಿದೆ. ಅಲ್ಲಿ ತಂದೆಯೊಬ್ಬ ಹೆಣ್ಣುಮಕ್ಕಳ ಪರ ತಾನೇ ನಿಂತು ಸೋತಿದ್ದ. ಅವನ ಸೋಲಿನ ಹೊರೆ ಮಕ್ಕಳ ಮೇಲೆ ಬೀಳಬಾರದೆಂದು ಮಕ್ಕಳ ಮಟ್ಟಿಗೆ ತೀರ್ಪನ್ನೇ ತೆಗೆದುಹಾಕಿದರು. ಟೆಕ್ಸಾಸ್ ಇರುವ ಫಿಫ್ತ್ ಸರ್ಕ್ಯೂಟ್ 2023ರಲ್ಲಿ ಈ ನಿಷೇಧವನ್ನು ಸ್ವಲ್ಪ ಸಡಿಲಿಸಿತು, ಆದರೆ ಅದು ನಿಮಗೆ ಸಿಗುವುದಿಲ್ಲ. ಹಾಗಾಗಿ ನೋಟಿಸ್ ಹಾಕಿ ಗಡಿಯಾರ ನಿಲ್ಲಿಸಿ, ಆ ನಂತರದ ವಾರಗಳಲ್ಲಿ ಮೇಲ್ಮನವಿಯಲ್ಲಿ ಪಳಗಿದ ವಕೀಲರನ್ನು ಹುಡುಕಿ. ಕಾನೂನು ಕಾಲೇಜುಗಳು ನಡೆಸುವ ಕಾನೂನು ನೆರವಿನ ‘ಕ್ಲಿನಿಕ್‌’ಗಳನ್ನೂ ಕೇಳಿ.

ಈಗ ಆದೇಶಕ್ಕೆ ಬರೋಣ. ನಿಮ್ಮ ಪತ್ರದ ಮುಕ್ಕಾಲು ಭಾಗ ಶಾಲೆ ಏನು ಮಾಡಿತು ಎಂಬುದರ ಬಗ್ಗೆ ಇದೆ. ಸಂಕಟ ಅರ್ಥವಾಗುತ್ತದೆ. ಆದರೆ ಮೇಲ್ಮನವಿ ನ್ಯಾಯಾಲಯದ ಮೂವರು ನ್ಯಾಯಾಧೀಶರು ಕೇಳುವುದು ಶಾಲೆ ಏನು ಮಾಡಿತೆಂದಲ್ಲ, ಕೆಳಗಿನ ನ್ಯಾಯಾಧೀಶರು ಯಾವ ಪುಟದಲ್ಲಿ ಏನು ತಪ್ಪಿದರು ಎಂದು. ಆದೇಶವನ್ನು ಮುಂದಿಟ್ಟುಕೊಂಡು ಒಂದೊಂದು ಕ್ಲೇಮಿಗೂ (ದಾವೆಯಲ್ಲಿ ಎತ್ತಿದ ಹಕ್ಕಿನ ಬೇಡಿಕೆಗೂ) ‘ಇದು ಬಿದ್ದದ್ದು ಯಾಕೆ’ ಎಂದು ಪಕ್ಕದಲ್ಲಿ ಬರೆಯಿರಿ. ಪ್ರತಿಯೊಂದೂ ಬೇರೆ ಬೇರೆ ಕಾರಣಕ್ಕೆ ಬಿದ್ದಿರುತ್ತದೆ, ಎತ್ತಿ ನಿಲ್ಲಿಸುವ ದಾರಿಯೂ ಬೇರೆ ಬೇರೆ. ಎಲ್ಲವನ್ನೂ ಎತ್ತಲು ಹೋದವರು ಒಂದನ್ನೂ ಎತ್ತುವುದಿಲ್ಲ.

ಒಂದು ಅನುಕೂಲ ನಿಮ್ಮ ಕಡೆಗಿದೆ. ಈ ಹಂತದ ವಜಾ ಎಂದರೆ, ದಾವಾಪತ್ರದಲ್ಲಿ ಬರೆದದ್ದೆಲ್ಲ ನಿಜವೆಂದೇ ಇಟ್ಟುಕೊಂಡರೂ ಕಾನೂನಿನಲ್ಲಿ ನಿಲ್ಲುವ ಕೇಸ್ ಇಲ್ಲ ಎಂಬ ತೀರ್ಮಾನ. ಹಾಗಾಗಿ ಮೇಲಿನ ನ್ಯಾಯಾಲಯ ಇದನ್ನು ಹೊಸದಾಗಿ ನೋಡುತ್ತದೆ, ಕೆಳಗಿನವರ ಅಭಿಪ್ರಾಯಕ್ಕೆ ತಲೆಬಾಗಬೇಕಿಲ್ಲ. ಅನಾನುಕೂಲವೂ ಅಲ್ಲೇ ಇದೆ: ನೋಡುವುದು ದಾವಾಪತ್ರವನ್ನು ಮಾತ್ರ. ಸುಪ್ರೀಂ ಕೋರ್ಟಿನ 2007ರ ಟ್ವಾಂಬ್ಲಿ, 2009ರ ಇಕ್ಬಾಲ್ ತೀರ್ಪುಗಳ ನಂತರ ‘ಪ್ರತಿವಾದಿಗಳಿಗೆ ಎಲ್ಲ ಗೊತ್ತಿತ್ತು, ಆದರೂ ಸುಮ್ಮನಿದ್ದರು’ ಎಂಬಂಥ ವಾಕ್ಯಕ್ಕೆ ಬೆಲೆಯಿಲ್ಲ. ಅದು ಆರೋಪದ ತೀರ್ಮಾನವೇ ಹೊರತು ಸಂಗತಿಯಲ್ಲ ಎಂದು ಪಕ್ಕಕ್ಕಿಡುತ್ತಾರೆ. ‘ಅಕ್ಟೋಬರ್ ಮೊದಲ ವಾರ ವೈಸ್ ಪ್ರಿನ್ಸಿಪಾಲರಿಗೆ ಇಮೇಲ್ ಕಳಿಸಿದೆವು, ಅದರಲ್ಲಿ ಆ ಮೂವರ ಹೆಸರು, ಅವರು ಬಳಸಿದ ಜನಾಂಗೀಯ ಬೈಗುಳ, ಊಟದ ಹೊತ್ತಿನಲ್ಲಿ ಕೂರುವ ಟೇಬಲ್ ಎಲ್ಲ ಬರೆದಿದ್ದೆವು; ಹುಡುಗರಲ್ಲಿ ಇದೆಲ್ಲ ಇದ್ದದ್ದೇ ಎಂದು ಅವರು ಉತ್ತರಿಸಿದರು; ಟೇಬಲ್ ಬದಲಿಸಲಿಲ್ಲ; ನವೆಂಬರಿನಲ್ಲಿ ಅದೇ ಟೇಬಲಿನಲ್ಲಿ ಅದೇ ಮೂವರು ಅವನ ಡಬ್ಬಿ ಕಸಕ್ಕೆ ಸುರಿದರು’ ಎಂಬುದು ಸಂಗತಿ. ನಿಮ್ಮ ಪತ್ರದಲ್ಲಿ ಈ ಬಗೆಯ ವಿವರ ಬೇಕಾದಷ್ಟಿದೆ. ದಾವಾಪತ್ರದಲ್ಲಿ ಎಷ್ಟಿದೆ ಎಂಬುದೇ ಈಗಿನ ಪ್ರಶ್ನೆ.

ಎಚ್‌ಐಬಿ (ಹೆರಾಸ್‌ಮೆಂಟ್, ಇಂಟಿಮಿಡೇಶನ್, ಬುಲ್ಲಿಯಿಂಗ್, ಅಂದರೆ ಕಿರುಕುಳದ ದೂರಿನ) ಕಡತವನ್ನೂ ಮರೆಯಬೇಡಿ. ನ್ಯೂಜೆರ್ಸಿಯ 2011ರ ಕಿರುಕುಳ ತಡೆ ಕಾಯ್ದೆಯಂತೆ ಲಿಖಿತ ದೂರು ದಾಖಲಾದ 10 ಶಾಲಾ ದಿನಗಳೊಳಗೆ ತನಿಖೆ ಮುಗಿಯಬೇಕು. ತನಿಖೆ ನಡೆಯಿತೇ, ನಡೆದಿದ್ದರೆ ಏನು ಬರೆದರು ಎಂಬುದು ‘ಶಾಲೆಗೆ ಗೊತ್ತಿತ್ತು’ ಎಂಬುದಕ್ಕೆ ಶಾಲೆಯೇ ಬರೆದುಕೊಟ್ಟ ಪುರಾವೆ.

ಇನ್ನು ಕ್ಲೇಮುಗಳು. ಪ್ರಿನ್ಸಿಪಾಲರ ಮೇಲೆ ನಿಮಗೆ ಹೆಚ್ಚು ಸಿಟ್ಟಿದೆ, ಆದರೆ ಕಾನೂನಿನಲ್ಲಿ ಅವರೇ ಕಠಿಣ ಗುರಿ. ಅವರ ಮೇಲಿನ ಇಂಥ ದಾವೆಗೆ ಆಧಾರವಾದ ಸೆಕ್ಷನ್ 1983 ಎಂಬುದು 1871ರ ಕಾನೂನು, ಅಂತರ್ಯುದ್ಧದ ನಂತರ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ಮೇಲೆ ನಡೆಯುತ್ತಿದ್ದ ಹಿಂಸೆಗೆ ಅಧಿಕಾರಿಗಳು ಕಣ್ಣುಮುಚ್ಚಿ ಕುಳಿತಾಗ ಬಂದದ್ದು. ಅಧಿಕಾರಿಯನ್ನೇ ಕಟಕಟೆಗೆ ತರುವುದು ಅದರ ಉದ್ದೇಶ. ಆದರೆ ಮುಂದೆ ಸುಪ್ರೀಂ ಕೋರ್ಟ್ ಅದಕ್ಕೆ ‘ಕ್ವಾಲಿಫೈಡ್ ಇಮ್ಯುನಿಟಿ’ ಎಂಬ ಗೋಡೆ ಕಟ್ಟಿತು: ತಾನು ಮಾಡುತ್ತಿರುವುದು ಸಂವಿಧಾನಬಾಹಿರ ಎಂದು ಆ ಹೊತ್ತಿಗೆ ಸ್ಪಷ್ಟವಾಗಿ ಸ್ಥಾಪಿತವಾಗಿರದಿದ್ದರೆ ಅಧಿಕಾರಿ ಪರಿಹಾರ ಕೊಡಬೇಕಿಲ್ಲ. ಈ ಗೋಡೆ ಎಷ್ಟು ಎತ್ತರ ಎಂದು ತಿಳಿಯಲು ಅರಿಜೋನಾದ ಸ್ಯಾಫರ್ಡ್ ಪ್ರಕರಣ ನೋಡಿ. 13 ವರ್ಷದ ಹುಡುಗಿಯ ಹತ್ತಿರ ಐಬುಪ್ರೊಫೆನ್ ಮಾತ್ರೆ ಇದೆಯೆಂಬ ಅನುಮಾನಕ್ಕೆ ಅವಳ ಒಳಉಡುಪಿನವರೆಗೆ ಶೋಧ ಮಾಡಿದರು. ಏನೂ ಸಿಗಲಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟ್ ಆ ಶೋಧ ಸಂವಿಧಾನಬಾಹಿರ ಎಂದು ಒಪ್ಪಿತು, ಜೊತೆಗೇ ಕಾನೂನು ಆಗ ಸಾಕಷ್ಟು ಸ್ಪಷ್ಟವಿರಲಿಲ್ಲವೆಂದು ಸಿಬ್ಬಂದಿಯನ್ನು ಬಿಟ್ಟುಬಿಟ್ಟಿತು. ಗಮನಿಸಬೇಕಾದದ್ದು ಕೊನೆಯ ಸಾಲು: ಶಾಲಾ ಜಿಲ್ಲೆಯ (ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಯ) ಹೊಣೆಯ ಪ್ರಶ್ನೆಯನ್ನು ಮುಚ್ಚದೆ ಕೆಳಗಿನ ಕೋರ್ಟಿಗೆ ಕಳಿಸಿದರು. ಇಮ್ಯುನಿಟಿ ಇರುವುದು ವ್ಯಕ್ತಿಗೆ, ಸಂಸ್ಥೆಗಲ್ಲ.

‘ನಮ್ಮ ಮಗನನ್ನು ಶಾಲೆ ಕಾಪಾಡಲಿಲ್ಲ’ ಎಂಬ ಡ್ಯೂ ಪ್ರೋಸೆಸ್ (ನ್ಯಾಯಯುತ ಕ್ರಮವಿಲ್ಲದೆ ಸರ್ಕಾರ ಯಾರ ಹಕ್ಕನ್ನೂ ಕಸಿಯಬಾರದು ಎಂಬ ಸಂವಿಧಾನದ ಖಾತರಿ) ವಾದವನ್ನು ಬಿಟ್ಟುಬಿಡುವುದೇ ಒಳ್ಳೆಯದು. ಥರ್ಡ್ ಸರ್ಕ್ಯೂಟ್‌ನ ಪೂರ್ಣಪೀಠ 2013ರಲ್ಲಿ ಮಾರೊ ವಿರುದ್ಧ ಬಲಾಸ್ಕಿ ಪ್ರಕರಣದಲ್ಲಿ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ. ಅಲ್ಲಿ ಇಬ್ಬರು ಅಕ್ಕತಂಗಿಯರಿಗೆ ಹಿಂಸೆ ಕೊಟ್ಟ ಹುಡುಗಿಯ ಮೇಲೆ ಬಾಲಾಪರಾಧ ನ್ಯಾಯಾಲಯದ ಆದೇಶವೇ ಇತ್ತು, ಆದರೂ ಅವಳು ಶಾಲೆಗೆ ಮರಳಿದಳು. ಬೇರೆ ಶಾಲೆ ನೋಡಿಕೊಳ್ಳಿ ಎಂದು ಸಲಹೆ ಸಿಕ್ಕಿದ್ದು ಈ ಅಕ್ಕತಂಗಿಯರ ತಂದೆತಾಯಿಗೆ. ಓದಿದರೆ ಹೊಟ್ಟೆ ಉರಿಯುತ್ತದೆ. ಆದರೂ ಕಡ್ಡಾಯ ಶಿಕ್ಷಣವಿದೆ ಎಂದ ಮಾತ್ರಕ್ಕೆ ಇತರ ವಿದ್ಯಾರ್ಥಿಗಳಿಂದ ಕಾಪಾಡುವ ಸಾಂವಿಧಾನಿಕ ಹೊಣೆ ಶಾಲೆಗೆ ಬರುವುದಿಲ್ಲ ಎಂದು ಬಹುಮತ ಹೇಳಿತು. ಆ ಕಲ್ಲಿಗೆ ತಲೆ ಚಚ್ಚಿಕೊಂಡು ಬ್ರೀಫಿನ (ಮೇಲ್ಮನವಿಯ ಲಿಖಿತ ವಾದದ) ಪುಟ ವ್ಯರ್ಥ ಮಾಡಬೇಡಿ.

ಬದಲಿಗೆ ಎರಡನ್ನು ಹಿಡಿಯಿರಿ. ಮೊದಲನೆಯದು ಬೋರ್ಡ್ ಮೇಲಿನ ಟೈಟಲ್ 6. ಫೆಡರಲ್ ಹಣ ಪಡೆಯುವ ಸಂಸ್ಥೆ ಜನಾಂಗ, ಬಣ್ಣ, ಮೂಲದೇಶದ ಆಧಾರದಲ್ಲಿ ತಾರತಮ್ಯ ಮಾಡಬಾರದೆಂಬ 1964ರ ಕಾನೂನು ಇದು. ಇಲ್ಲಿ ಕ್ವಾಲಿಫೈಡ್ ಇಮ್ಯುನಿಟಿ ಇಲ್ಲ, ಬೋರ್ಡಿನ ಅಧಿಕೃತ ನೀತಿಯೇ ಹಾಗಿತ್ತು ಎಂದು ತೋರಿಸಬೇಕಾಗಿಯೂ ಇಲ್ಲ. ತೋರಿಸಬೇಕಾದದ್ದು: ಕಿರುಕುಳ ತೀವ್ರವಾಗಿತ್ತು, ಬಣ್ಣ ಅಥವಾ ಮೂಲದ ಕಾರಣಕ್ಕೇ ನಡೆಯಿತು, ಕ್ರಮ ಕೈಗೊಳ್ಳಬಲ್ಲವರಿಗೆ ನಿಜವಾಗಿಯೂ ಗೊತ್ತಿತ್ತು, ಆದರೂ ಎದ್ದುಕಾಣುವಷ್ಟು ಉದಾಸೀನ ಮಾಡಿದರು, ಹುಡುಗನ ಓದಿಗೆ ಪೆಟ್ಟುಬಿತ್ತು. ಈ ಅಳತೆ ಬಂದದ್ದು ಜಾರ್ಜಿಯಾದ ಡೇವಿಸ್ ಪ್ರಕರಣದಿಂದ. ಐದನೇ ತರಗತಿಯ ಹುಡುಗಿಗೆ ಸಹಪಾಠಿಯೊಬ್ಬ ಲೈಂಗಿಕ ಕಿರುಕುಳ ಕೊಡುತ್ತಿದ್ದ. ಅವಳ ಕೂರುವ ಜಾಗ ಬದಲಿಸಿಕೊಡಲು ಶಾಲೆಗೆ ಮೂರು ತಿಂಗಳಿಗೂ ಹೆಚ್ಚು ಬೇಕಾಯಿತು. ಅದೂ ನಿಮ್ಮದರಂತೆ ಸಾಕ್ಷ್ಯದ ಹಂತಕ್ಕೆ ಹೋಗದೆ ವಜಾ ಆದ ದಾವೆ, ಮೇಲ್ಮನವಿ ನ್ಯಾಯಾಲಯದ ಪೂರ್ಣಪೀಠವೂ ವಜಾ ಎತ್ತಿಹಿಡಿದಿತ್ತು. 1999ರಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ಅದಕ್ಕೆ ಜೀವ ಕೊಟ್ಟಿತು. ಲಿಂಗದ ವಿಷಯದಲ್ಲಿ ಹುಟ್ಟಿದ ಈ ಅಳತೆಯನ್ನು ಜನಾಂಗೀಯ ಕಿರುಕುಳಕ್ಕೂ ನ್ಯಾಯಾಲಯಗಳು ಬಳಸುತ್ತವೆ. ನ್ಯೂಯಾರ್ಕಿನ ಝೆನೊ ಪ್ರಕರಣದಲ್ಲಿ ಸೆಕೆಂಡ್ ಸರ್ಕ್ಯೂಟ್ 2012ರಲ್ಲಿ 10 ಲಕ್ಷ ಡಾಲರ್ ಪರಿಹಾರವನ್ನು ಎತ್ತಿಹಿಡಿಯಿತು. ಆ ಶಾಲೆ ಏನೂ ಮಾಡಲಿಲ್ಲ ಎಂದಲ್ಲ, ಒಬ್ಬೊಬ್ಬ ಹುಡುಗನನ್ನು ಶಿಕ್ಷಿಸುತ್ತಲೇ ಇತ್ತು. ಆದರೆ ಮಾಡಿದ್ದು ಸಾಕಾಗುತ್ತಿಲ್ಲವೆಂದು ಗೊತ್ತಿದ್ದೂ ಅದನ್ನೇ ಮಾಡುತ್ತ ಹೋಯಿತು. ನಿಮ್ಮ ಶಾಲೆಯವರು ‘ನಾವು ಹುಡುಗರನ್ನು ಕರೆದು ಮಾತಾಡಿದ್ದೇವೆ’ ಎಂದರೆ ಅದಕ್ಕೆ ಉತ್ತರ ಅಲ್ಲಿದೆ. ಅದು ಬೇರೆ ಸರ್ಕ್ಯೂಟ್‌ನ ತೀರ್ಪು, ಫಿಲಡೆಲ್ಫಿಯಾವನ್ನು ಕಟ್ಟಿಹಾಕುವುದಿಲ್ಲ. ಆದರೂ ತೂಕ ಇದೆ.

ಎರಡನೆಯದು ಸಸ್ಪೆನ್ಷನ್. ಇದನ್ನು ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ, ನನ್ನ ಕಣ್ಣು ಅಲ್ಲೇ ನಿಂತಿತು. ಗಾಸ್ ವಿರುದ್ಧ ಲೋಪೆಜ್ ಎಂಬ 1975ರ ತೀರ್ಪಿನಂತೆ, 10 ದಿನದೊಳಗಿನ ಸಸ್ಪೆನ್ಷನ್‌ಗೂ ಮೊದಲು ವಿದ್ಯಾರ್ಥಿಗೆ ಆರೋಪವೇನೆಂದು ಹೇಳಬೇಕು, ಅವನ ಕಡೆಯ ಮಾತು ಕೇಳಬೇಕು. ದೊಡ್ಡ ವಿಚಾರಣೆ ಬೇಡ, ಎರಡು ನಿಮಿಷದ ಮಾತುಕತೆಯೂ ಸಾಕಾಗಬಹುದು. ಆದರೆ ಅದೂ ನಡೆಯದಿದ್ದರೆ ಪ್ರಿನ್ಸಿಪಾಲರಿಗೆ ‘ಕಾನೂನು ಸ್ಪಷ್ಟವಿರಲಿಲ್ಲ’ ಎಂದು ಹೇಳುವುದು ಕಷ್ಟ, ಅರ್ಧ ಶತಮಾನದಿಂದ ಸ್ಪಷ್ಟವಾಗಿದೆ. ಪ್ರಿನ್ಸಿಪಾಲರನ್ನು ವೈಯಕ್ತಿಕವಾಗಿ ಕೇಸಿನಲ್ಲಿ ಉಳಿಸಿಕೊಳ್ಳುವ ಗಟ್ಟಿ ದಾರಿ ಇದೊಂದೇ ಎಂದು ನನಗನ್ನಿಸುತ್ತದೆ. ಹಣದ ಆಸೆ ಇಟ್ಟುಕೊಳ್ಳಬೇಡಿ. ವಿಚಾರಿಸಿದ್ದರೂ ಸಸ್ಪೆಂಡ್ ಆಗುತ್ತಿದ್ದ ಎಂದಾದರೆ ಸಿಗುವುದು ಒಂದು ಡಾಲರಿನ ನಾಮಮಾತ್ರ ಪರಿಹಾರ ಎಂದು 1978ರ ಕ್ಯಾರಿ ವಿರುದ್ಧ ಪೈಫಸ್ ತೀರ್ಪು ಹೇಳುತ್ತದೆ. ಮತ್ತೊಂದು ಷರತ್ತು: ಈ ವಾದ ಕೆಳಗಿನ ಕೋರ್ಟಿನಲ್ಲಿ ಎತ್ತಿದ್ದಾಗಿರಬೇಕು. ಅಲ್ಲಿ ಹೇಳದ್ದನ್ನು ಮೇಲೆ ಹೊಸದಾಗಿ ಹೇಳಲು ಸಾಮಾನ್ಯವಾಗಿ ಬಿಡುವುದಿಲ್ಲ.

ಇಷ್ಟೆಲ್ಲದರ ನಂತರವೂ ನಿಮ್ಮ ದಾವಾಪತ್ರವೇ ತೆಳುವಾಗಿದ್ದರೆ? ಆಗಲೂ ಒಂದು ಹಿಡಿತವಿದೆ. ನನ್ನ ದೃಷ್ಟಿಯಲ್ಲಿ ನಿಮ್ಮ ಇಡೀ ಕೇಸಿನ ಬಲವಾದ ಅಂಶ ಅದೇ. ನಾಗರಿಕ ಹಕ್ಕಿನ ದಾವೆಯನ್ನು ಈ ಕಾರಣಕ್ಕೆ ವಜಾ ಮಾಡುವ ಮೊದಲು, ವಾದಿ ಕೇಳಲಿ ಬಿಡಲಿ, ದಾವಾಪತ್ರ ತಿದ್ದಿಕೊಳ್ಳುವ ಅವಕಾಶವನ್ನು ನ್ಯಾಯಾಲಯವೇ ಮುಂದಾಗಿ ಕೊಡಬೇಕು ಎಂಬುದು ಥರ್ಡ್ ಸರ್ಕ್ಯೂಟ್‌ನ ನಿಯಮ. 2008ರ ಫಿಲಿಪ್ಸ್ ವಿರುದ್ಧ ಕೌಂಟಿ ಆಫ್ ಅಲೆಗೆನಿ ತೀರ್ಪಿನಲ್ಲಿ ಇದು ಖಚಿತವಾಗಿದೆ. ತಿದ್ದಿದರೂ ಪ್ರಯೋಜನವಿಲ್ಲ ಅಥವಾ ಹಾಗೆ ಬಿಡುವುದು ಎದುರು ಪಕ್ಷಕ್ಕೆ ಅನ್ಯಾಯ ಎಂದಾದರೆ ಮಾತ್ರ ನಿರಾಕರಿಸಬಹುದು. ನಿಮ್ಮ ನ್ಯಾಯಾಧೀಶರು ಆ ಬಗ್ಗೆ ಒಂದು ಮಾತೂ ಬರೆಯದೆ ಮೊದಲ ದಾವಾಪತ್ರಕ್ಕೇ ‘ವಿತ್ ಪ್ರೆಜುಡಿಸ್’ ಮುದ್ರೆ ಒತ್ತಿದ್ದರೆ, ಅದೇ ನಿಮ್ಮ ಬ್ರೀಫಿನ ಮೊದಲ ವಾದ.

ಸ್ಕ್ರೀನ್‌ಶಾಟ್‌ಗಳ ಪ್ರಶ್ನೆಗೂ ಉತ್ತರ ಇಲ್ಲೇ ಸಿಗುತ್ತದೆ. ಮೇಲ್ಮನವಿ ನ್ಯಾಯಾಲಯಕ್ಕೆ ಅವನ್ನು ಒಯ್ಯುವಂತಿಲ್ಲ, ಅಲ್ಲಿ ಕೆಳಗಿನ ಕಡತದಲ್ಲಿ ಇದ್ದದ್ದಷ್ಟೇ ನಡೆಯುತ್ತದೆ. ಆದರೆ ತೀರ್ಪಿನಿಂದ 28 ದಿನದೊಳಗೆ ಅದೇ ಜಿಲ್ಲಾ ನ್ಯಾಯಾಧೀಶರ ಮುಂದೆ 59(ಇ) ನಿಯಮದಡಿ ತೀರ್ಪು ಬದಲಿಸಲು ಅರ್ಜಿ ಹಾಕಬಹುದು. ಅದರ ಜೊತೆಗೆ ತಿದ್ದಿದ ದಾವಾಪತ್ರದ ಪೂರ್ಣ ಕರಡನ್ನೇ ಲಗತ್ತಿಸಿ, ಇಮೇಲ್‌ಗಳ ದಿನಾಂಕ, ಎಚ್‌ಐಬಿ ವರದಿ, ಚಾಟ್‌ನ ಮಾತುಗಳು ಎಲ್ಲ ಅದರೊಳಗೆ ಬರಲಿ. ಸಕಾಲದಲ್ಲಿ ಹಾಕಿದರೆ ಮೇಲ್ಮನವಿಯ 30 ದಿನ ಅಲ್ಲಿಗೆ ನಿಂತು, ಈ ಅರ್ಜಿ ಇತ್ಯರ್ಥವಾದ ಮೇಲೆ ಹೊಸದಾಗಿ ಶುರುವಾಗುತ್ತದೆ. 28 ದಿನವನ್ನು ಯಾವ ನ್ಯಾಯಾಧೀಶರೂ ವಿಸ್ತರಿಸುವಂತಿಲ್ಲ. 29ನೇ ದಿನ ಹಾಕಿದ ಅರ್ಜಿ ಮೇಲ್ಮನವಿಯ ಗಡಿಯಾರ ನಿಲ್ಲಿಸುವುದಿಲ್ಲ, ಅದನ್ನು ನಂಬಿ 30 ದಿನ ಕಳೆದುಕೊಂಡವರಿದ್ದಾರೆ. ನಾನಾಗಿದ್ದರೆ ಈ ಅರ್ಜಿಯನ್ನೇ ಮೊದಲು ಹಾಕುತ್ತಿದ್ದೆ. ನ್ಯಾಯಾಧೀಶರು ಒಪ್ಪಿದರೆ ಮೇಲ್ಮನವಿಯ ತಿಂಗಳುಗಟ್ಟಲೆ ಕಾಯುವಿಕೆ ಉಳಿಯಿತು. ಒಪ್ಪದಿದ್ದರೆ ಆ ಕರಡು ಕಡತ ಸೇರಿರುತ್ತದೆ, ತಿದ್ದಿದರೂ ಪ್ರಯೋಜನವಿರಲಿಲ್ಲ ಎನ್ನುವವರಿಗೆ ಮೇಲಿನ ಕೋರ್ಟಿನಲ್ಲಿ ಅದನ್ನೇ ತೋರಿಸಬಹುದು.

ರಾಜ್ಯ ಕಾನೂನಿನ ಭಾಗ ಸತ್ತಿಲ್ಲ. ಫೆಡರಲ್ ನ್ಯಾಯಾಧೀಶರು ನೋಡುವುದಿಲ್ಲ ಎಂದದ್ದನ್ನು ರಾಜ್ಯದ ಸುಪೀರಿಯರ್ ಕೋರ್ಟಿಗೆ ಒಯ್ಯಬಹುದು. ನ್ಯೂಜೆರ್ಸಿಯ ತಾರತಮ್ಯ ವಿರೋಧಿ ಕಾನೂನಿನಡಿ ವಿದ್ಯಾರ್ಥಿಗಳ ನಡುವಿನ ಕಿರುಕುಳಕ್ಕೆ ಶಾಲಾ ಜಿಲ್ಲೆ ಹೊಣೆಯಾಗಬಹುದೆಂದು ಆ ರಾಜ್ಯದ ಸುಪ್ರೀಂ ಕೋರ್ಟ್ 2007ರ ಟಾಮ್ಸ್ ರಿವರ್ ಪ್ರಕರಣದಲ್ಲಿ ಹೇಳಿದೆ, ಅಲ್ಲಿನ ಅಳತೆ ಫೆಡರಲ್ ಅಳತೆಗಿಂತ ವಾದಿಗೆ ಮೆದು. ಮಾನಸಿಕ ಯಾತನೆಗೆ ಪರಿಹಾರವೂ ಅಲ್ಲಿ ಸಿಗುತ್ತದೆ. ಫೆಡರಲ್ ಹಣಕ್ಕೆ ಅಂಟಿಕೊಂಡ ಕಾನೂನುಗಳಲ್ಲಿ ಅದು ಸಿಗದೆಂದು ಸುಪ್ರೀಂ ಕೋರ್ಟ್ 2022ರ ಕಮಿಂಗ್ಸ್ ಪ್ರಕರಣದಲ್ಲಿ ಹೇಳಿದ ಮೇಲೆ ಟೈಟಲ್ 6ರಲ್ಲೂ ಅದನ್ನು ಪಡೆಯುವುದು ಬಹಳ ಕಷ್ಟವಾಗಿದೆ. ಇಲ್ಲೂ ಗಡುವಿದೆ. ದಾವೆ ಫೆಡರಲ್ ಕೋರ್ಟಿನಲ್ಲಿದ್ದಷ್ಟು ಕಾಲ ನಿಂತಿದ್ದ ರಾಜ್ಯದ ಕಾಲಮಿತಿಗೆ ವಜಾ ಆದ ಮೇಲೆ ಸಿಗುವ ಖಾತ್ರಿ ರಿಯಾಯಿತಿ 30 ದಿನ. ಅಪ್ರಾಪ್ತ ಎಂಬ ಕಾರಣಕ್ಕೆ ಮಗನ ಹಕ್ಕಿಗೆ ಇನ್ನಷ್ಟು ಕಾಲ ಇರಬಹುದು, ನಿಮ್ಮ ಸ್ವಂತ ಹಕ್ಕುಗಳಿಗಿಲ್ಲ. ಮೇಲ್ಮನವಿ ಇದೆಯಲ್ಲ ಎಂದು ಇದನ್ನು ಬದಿಗಿಡಬೇಡಿ.

ಕೊನೆಯದಾಗಿ ಫೀಸು. ಗೆದ್ದ ವಾದಿಗೆ ಎದುರಿನವರಿಂದ ವಕೀಲರ ಫೀಸು ಕೊಡಿಸುವ ಕಾನೂನಿದೆ. ಗೆದ್ದ ಪ್ರತಿವಾದಿಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ದಾವೆ ಬುಡವೇ ಇಲ್ಲದ್ದು, ಹುರುಳಿಲ್ಲದ್ದು ಎಂದು ನ್ಯಾಯಾಲಯಕ್ಕೆ ಅನ್ನಿಸಬೇಕು ಎಂಬುದು 1978ರ ಕ್ರಿಶ್ಚಿಯನ್ಸ್‌ಬರ್ಗ್ ತೀರ್ಪಿನಿಂದ ಬಂದ ಅಳತೆ, ಕೇಸ್ ಸೋತಿತು ಎಂಬುದಷ್ಟೇ ಸಾಲದು. ಇಮೇಲ್, ಡಬ್ಬಿ, ಸಸ್ಪೆನ್ಷನ್ ಎಲ್ಲ ಕಾಗದದಲ್ಲಿರುವ ನಿಮ್ಮ ಕೇಸಿಗೆ ಆ ಅಪಾಯ ಕಡಿಮೆ. ಮೇಲ್ಮನವಿ ಸೋತರೆ ಪ್ರತಿಗಳನ್ನು ಮಾಡಿಸಿದ ವೆಚ್ಚದಂಥ ಸಣ್ಣಪುಟ್ಟ ಖರ್ಚು ತಲೆಗೆ ಬರಬಹುದು. ಶಾಲೆಯ ವಕೀಲರು ‘ಮೇಲ್ಮನವಿ ಬಿಟ್ಟರೆ ಫೀಸು ಕೇಳುವುದಿಲ್ಲ’ ಎಂದು ಪತ್ರ ಬರೆದರೆ ಹೆದರಿ ಸಹಿ ಹಾಕಬೇಡಿ, ಆ ಪತ್ರವನ್ನು ಹೊಸ ವಕೀಲರಿಗೆ ತೋರಿಸಿ.